ಖಾಲಿ ಬಲೆಯ ಲೆಕ್ಕ ಓಸಿಗೆ ಹೊಂದುವುದಿಲ್ಲ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಓಸಿ, ಅಂದರೆ ಅಂಕಿಯ ಮೇಲೆ ಹಣ ಕಟ್ಟುವ ಮಟ್ಕಾ ಜೂಜು. ಅದರ ಮೇಲಿನ ದಾಳಿಯಲ್ಲಿ ಚೀಟಿ, ಪೆನ್ನು, ಒಂದಿಷ್ಟು ನಗದು ಜಪ್ತಿಯಾಗುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 78ನೇ ಕಲಮಿನಡಿ ಪ್ರಕರಣವೂ ದಾಖಲಾಗುತ್ತದೆ. ಆಡುವವನ ತಲೆಯೊಳಗಿನ ಲೆಕ್ಕ ಮಾತ್ರ ಜಪ್ತಿಯಾಗುವುದಿಲ್ಲ. ಈ ಪತ್ರ ಅದರ ಕುರಿತು.

00ರಿಂದ 99ರವರೆಗೆ ನೂರು ಜೋಡಿ ಅಂಕಿ, ಬರುವುದು ಒಂದೇ. ಗೆದ್ದವನಿಗೆ ಕೊಡುವ, ಸಾಮಾನ್ಯವಾಗಿ ಕೇಳಿಬರುವ ದರ 1 ರೂಪಾಯಿಗೆ 80. ನೂರೂ ಜೋಡಿಗೆ ಹತ್ತು ಹತ್ತು ರೂಪಾಯಿ ಕಟ್ಟಿದರೆ 1,000 ಹೋಗಿ 800 ಬರುತ್ತದೆ. ರಾಹುಕಾಲ ತಪ್ಪಿಸಿ ಕಟ್ಟಿದರೂ ಈ ದರ ಬದಲಾಗದು.

ಇಷ್ಟು ಗೊತ್ತಿದ್ದೂ ಆಡುತ್ತಾರೆ, ಏಕೆಂದರೆ 'ದೆಸೆ ತಿರುಗುತ್ತದೆ' ಎಂಬ ನಂಬಿಕೆ ಇಲ್ಲಿನ ಮೀನುಗಾರಿಕೆಯಲ್ಲಿ ಹುಸಿಯಲ್ಲ. ಹತ್ತು ದಿನ ಖಾಲಿ ಬಲೆ ಎಳೆದವನು ಹನ್ನೊಂದನೇ ದಿನವೂ ಕಡಲಿಗಿಳಿಯುವುದು ಬುದ್ಧಿವಂತಿಕೆಯೇ: ಗಾಳಿ, ನೀರಿನ ಸೆಳೆತ ಬದಲಾಗುತ್ತದೆ, ಮೀನು ದಡದತ್ತ ಬರುತ್ತದೆ. ಓಸಿಯ ಅಂಕಿಗೆ ಸೆಳೆತವಿಲ್ಲ. ಜೋಡಿಯ ಬದಲು 0ಯಿಂದ 9ರೊಳಗಿನ ಒಂದೇ ಅಂಕಿಗೆ (ಸಿಂಗಲ್) ಕಟ್ಟಿದರೆ, ಅದು ಸತತ ಹತ್ತು ಸಲ ಬಾರದಿರುವ ಸಾಧ್ಯತೆ ನೂರಕ್ಕೆ ಸುಮಾರು 35. ಹನ್ನೊಂದನೇ ಸಲ ಬರುವ ಸಾಧ್ಯತೆ ಮತ್ತೆ ಹತ್ತರಲ್ಲಿ ಒಂದೇ. (ಅಂಕಿಯನ್ನು ಪ್ರಾಮಾಣಿಕವಾಗಿ ಎತ್ತುತ್ತಾರೆ ಎಂದುಕೊಂಡು ಹೇಳಿದ್ದು.) 'ಈಗ ಬರಲೇಬೇಕು' ಎಂದು 10 ರೂಪಾಯಿಯಿಂದ ಶುರುಮಾಡಿ ದಿನಾ ದುಪ್ಪಟ್ಟು ಕಟ್ಟಿದವನ ಹತ್ತನೇ ದಿನದ ಕಂತು 5,120, ಅಷ್ಟರೊಳಗೆ ಕೈಬಿಟ್ಟ ಒಟ್ಟು ಹಣ 10,230. 47 ಕಟ್ಟಿ 46 ಬಂದರೆ 'ಒಂದರಲ್ಲಿ ತಪ್ಪಿತು' ಅನ್ನುತ್ತಾರೆ. 46ಕ್ಕೂ 47ಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ, 03 ಬಂದಿದ್ದರೂ ಅಷ್ಟೇ ದೂರ.

ನಂಬಿಕೆ ಇನ್ನೂ ಹೆಚ್ಚು ಕೆಡಿಸುವುದು ಮನೆಯವರ ಮೂಲಕ. ಶನಿ ಬಿಟ್ಟ ಮೇಲೆ ಸರಿಹೋಗುತ್ತಾನೆಂದು ಬಂಗಾರ ಅಡವಿಟ್ಟು ಸಾಲ ತೀರಿಸುತ್ತಾರೆ. ಹಗುರಾದವನು ಮತ್ತೆ ಚೀಟಿ ಬರೆಸುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಜೂಜಿನ ಗೀಳು ವ್ಯಸನಗಳ ಸಾಲಿನಲ್ಲಿದೆ. ಹಣವನ್ನು ಅವನ ಕೈಗೆ ಕೊಡದೆ ಸಾಲಕೊಟ್ಟವರಿಗೇ ಕಂತಿನಲ್ಲಿ ಕಟ್ಟಬೇಕು, ಫೋನಿನ ಯುಪಿಐ ಕೆಲಕಾಲ ಬೇರೆಯವರ ಬಳಿ ಇರಬೇಕು. ಅರ್ಚಕರ ಬಳಿ ಪ್ರಸಾದ (ದೇವರ ಸೂಚನೆ) ಕೇಳುವುದನ್ನು ನಿಲ್ಲಿಸಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಆದರೆ 'ಯಾವ ನಂಬರ್' ಎಂದು ಕೇಳಿದವನಿಗೆ ಅರ್ಚಕರೇ ಆಸ್ಪತ್ರೆ ದಾರಿ ತೋರಿಸುವಂತಾಗಲಿ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ, ಆಶಾ ಕಾರ್ಯಕರ್ತೆಯರ ಭೇಟಿಯಲ್ಲಿ ಎರಡೇ ಪ್ರಶ್ನೆ ಸೇರಿಸಿ: ಕಟ್ಟುವ ಹಣ ಏರುತ್ತಲೇ ಹೋಗಿದೆಯೇ? ಅದರ ಬಗ್ಗೆ ಮನೆಯಲ್ಲಿ ಸುಳ್ಳು ಹೇಳಿದ್ದುಂಟೇ? ಒಂದಕ್ಕೆ ಹೌದೆಂದರೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಅಥವಾ ತಾಲ್ಲೂಕು ಆಸ್ಪತ್ರೆಗೆ ಕಳಿಸಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಕೆಲಸವಿಲ್ಲದ ಆ 61 ದಿನಕ್ಕೆ ಮೊದಲೇ, ಮೇ ತಿಂಗಳಲ್ಲಿ, ಬಂದರುಗಳಲ್ಲಿ ಈ ಕೆಲಸ ಮುಗಿಯಬೇಕು. ಶಿರಸಿ ಮಾರಿಕಾಂಬಾ ಜಾತ್ರೆಯ ಅಂಗಡಿಸಾಲಿನಲ್ಲಿ ಮೇಲಿನ 1,000–800 ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ, ಕೆಳಗೆ 14416 ಹಾಕಿಸಿ.

ಇಂತಿ,
ವ್ಯಸನಮುಕ್ತಿ ಕೆಲಸದಲ್ಲಿರುವ ಕೆಲವರು, ಕಾರವಾರ