ಲೋವೆಲ್‌ನಿಂದ ಅಪ್ಪನಿಗೆ

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಪುಟ್ಟಿ ಚೆನ್ನಾಗಿ ಓದುತ್ತಿದ್ದಾಳೆ. ಚಳಿ ಶುರುವಾಗಿದೆ, ಆದರೆ ಮನೆಯೊಳಗೆ ಬೆಚ್ಚಗೇ ಇರುತ್ತದೆ, ಅಮ್ಮ ಯೋಚನೆ ಮಾಡುವುದು ಬೇಡ.

ಫೋನಿನಲ್ಲಿ ಕೇಳಿದರೆ ನೀವು ತೆಂಗಿನಕಾಯಿ ರೇಟು ಹೇಳಿ ಮಾತು ತಪ್ಪಿಸುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಕ್ಕ ಎಲ್ಲ ಬರೆದಿದ್ದಾಳೆ. ದೀಪಾವಳಿಯಿಂದ ಈಚೆಗೆ ನಿಮಗೆ ಮುದ್ದೆ ಇಳಿಯುತ್ತಿಲ್ಲವಂತೆ. ಮೊದಲು ಮುದ್ದೆ, ಆಮೇಲೆ ಚಪಾತಿ, ಈಗ ಅನ್ನವನ್ನೂ ಸಾರಿನಲ್ಲಿ ಕಿವುಚಿ, ನಡುನಡುವೆ ನೀರು ಕುಡಿದು ಇಳಿಸುತ್ತೀರಂತೆ. ಅಂಗಿಯ ಕಾಲರ್ ದೊಗಳೆಯಾಗಿದೆಯಂತೆ. ಕೇಳಿದರೆ ‘ಗ್ಯಾಸು, ಬಿಡೇ’ ಅನ್ನುತ್ತೀರಂತೆ. ಎಂಡೋಸ್ಕೋಪಿ ಮಾಡಿಸಿ ಅಂತ ತುಮಕೂರಿನ ಡಾಕ್ಟರು ಬರೆದುಕೊಟ್ಟ ಚೀಟಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದು ಹಾಗೇ ಇದೆಯಂತೆ.

ಬೈಯುವುದಕ್ಕೆ ಬರೆಯುತ್ತಿಲ್ಲ ಅಪ್ಪ. ಈ ಊರಿನ ಒಬ್ಬ ದೊಡ್ಡ ಮನುಷ್ಯನ ವಿಷಯ ನಿಮಗೆ ಹೇಳಬೇಕು. ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ.

ನೀವು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಕಾಲದಲ್ಲಿ, ಇನ್ನು ಮುಂದೆ ಪರದೆ ಮೇಲೆ ಅಕ್ಷರ ಬರುತ್ತದಂತೆ, ತಪ್ಪಾದರೆ ರಬ್ಬರೂ ಬೇಡವಂತೆ, ಕಾರ್ಬನ್ನೂ ಬೇಡವಂತೆ ಅಂತ ಸುದ್ದಿ ಬಂದಿತ್ತಲ್ಲ. ಆ ವರ್ಡ್ ಪ್ರೊಸೆಸರನ್ನು ಅಮೆರಿಕದ ಆಫೀಸುಗಳ ತುಂಬ ಹರಡಿದವರು ಆನ್ ವಾಂಗ್. 1976ರಲ್ಲಿ ಅವರ ಪರದೆಯ ಯಂತ್ರ ಬಂತು. ಟೈಪ್‌ರೈಟರಿನಲ್ಲಾದರೆ ಒಂದು ಸಾಲು ತಪ್ಪಿದರೆ ಹಾಳೆಯನ್ನೇ ಮತ್ತೆ ಹೊಡೆಯಬೇಕಿತ್ತು, ಅದರ ಕಷ್ಟ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರ ಕಂಪನಿ ವಾಂಗ್ ಲ್ಯಾಬೊರೇಟರೀಸ್ ಇದ್ದದ್ದು ನಮ್ಮ ಈ ಲೋವೆಲ್‌ನಲ್ಲೇ. ಹೆದ್ದಾರಿ ಪಕ್ಕ ಮೂರು ದೊಡ್ಡ ಕಟ್ಟಡಗಳಿವೆ. ಈಗ ಅಲ್ಲಿ ಬೇರೆ ಬೇರೆ ಕಂಪನಿಗಳಿವೆ, ಆದರೆ ಹಳಬರು ಇನ್ನೂ ವಾಂಗ್ ಟವರ್ಸ್ ಅಂತಲೇ ಕರೆಯುತ್ತಾರೆ. ನಾನು ಆಫೀಸಿಗೆ ಹೋಗುವುದು ಅದರ ಮುಂದೆಯೇ.

ವಾಂಗ್ ಹುಟ್ಟಿದ್ದು 1920ರಲ್ಲಿ, ಶಾಂಘೈನಲ್ಲಿ. ಅವರ ಅಪ್ಪನೂ ಮೇಷ್ಟ್ರು, ಇಂಗ್ಲಿಷ್ ಕಲಿಸುತ್ತಿದ್ದರು. ಹುಡುಗ ಎಂಜಿನಿಯರಿಂಗ್ ಮುಗಿಸುವ ಹೊತ್ತಿಗೆ ಜಪಾನಿನ ಜೊತೆ ಯುದ್ಧ. ಸೈನ್ಯಕ್ಕೆ ರೇಡಿಯೊ ಯಂತ್ರ ಮಾಡಿಕೊಡುವ ಕೆಲಸ ಮಾಡಿದರು. ಆ ವರ್ಷಗಳಲ್ಲೇ ಅಪ್ಪ, ಅಮ್ಮ, ಒಬ್ಬ ಅಕ್ಕ ಎಲ್ಲರನ್ನೂ ಕಳೆದುಕೊಂಡರು. 1945ರಲ್ಲಿ, ಎರಡು ವರ್ಷ ಕೆಲಸ ಕಲಿತು ವಾಪಸ್ ಬನ್ನಿ ಅಂತ ಚೀನಾ ಸರ್ಕಾರ ಕೆಲವು ಎಂಜಿನಿಯರುಗಳನ್ನು ಅಮೆರಿಕಕ್ಕೆ ಕಳಿಸಿತು. ಅವರಲ್ಲಿ ಇವರೂ ಒಬ್ಬರು. ಇಲ್ಲಿಗೆ ಬಂದವರು ಹಾರ್ವರ್ಡ್ ಸೇರಿ 1948ಕ್ಕೆ ಪಿಎಚ್‌ಡಿ ಮುಗಿಸಿಯೇ ಬಿಟ್ಟರು. ಅತ್ತ ಚೀನಾದಲ್ಲಿ ಸರ್ಕಾರವೇ ಬದಲಾಯಿತು. ಇಲ್ಲೇ ಉಳಿದರು.

ಅವರು ಮಾಡಿದ ಕೆಲಸ ನಿಮಗೆ ಇಷ್ಟವಾಗುತ್ತದೆ, ಕೇಳಿ. ಆಗಿನ ಕಂಪ್ಯೂಟರಿಗೆ ನೆನಪು ಇಡಲು ಚಿಕ್ಕ ಚಿಕ್ಕ ಬಳೆಗಳಂಥ ಅಯಸ್ಕಾಂತದ ಉಂಗುರಗಳನ್ನು ಬಳಸಬಹುದು ಅಂತ ಯೋಚಿಸುತ್ತಿದ್ದರು. ಒಂದು ಕಡೆ ತಿರುಗಿಸಿದರೆ ಒಂದು, ಇನ್ನೊಂದು ಕಡೆ ತಿರುಗಿಸಿದರೆ ಸೊನ್ನೆ. ತೊಂದರೆ ಏನೆಂದರೆ, ಒಳಗೆ ಏನಿದೆ ಅಂತ ಓದಿದರೆ ಅದು ಅಳಿಸಿಹೋಗುತ್ತಿತ್ತು. ಅಳಿಸಿಹೋಗದಂತೆ ಮಾಡುವುದು ಹೇಗೆ ಅಂತಲೇ ಎಲ್ಲರೂ ತಲೆ ಕೆಡಿಸಿಕೊಂಡಿದ್ದರು. ವಾಂಗ್ ಅಂದರು: ಅಳಿಸಿದರೆ ಅಳಿಸಲಿ, ಓದಿದ ಕೂಡಲೇ ಮತ್ತೆ ಬರೆದುಬಿಡೋಣ. ಅಷ್ಟೇ! ಆಮೇಲಿನ ಎಷ್ಟೋ ವರ್ಷ ಕಂಪ್ಯೂಟರುಗಳು ಉಂಗುರಗಳ ಮೇಲೆ ನಡೆದದ್ದು ಹಾಗೆಯೇ. ಆ ಪೇಟೆಂಟನ್ನು ಐಬಿಎಂ 1956ರಲ್ಲಿ ಐದು ಲಕ್ಷ ಡಾಲರ್ ಕೊಟ್ಟು ಕೊಂಡಿತು.

ಕಂಪನಿ ಶುರು ಮಾಡಿದ್ದು 1951ರಲ್ಲಿ. ಕೈಯಲ್ಲಿದ್ದದ್ದು 600 ಡಾಲರ್. ಮದುವೆಯಾಗಿ ಎರಡು ವರ್ಷ ಆಗಿತ್ತು. ಹೆಂಡತಿಯೂ ಶಾಂಘೈ ಕಡೆಯವರೇ. ಚೀನಾದವರು ಬಟ್ಟೆ ಒಗೆಯುವ ಅಂಗಡಿ, ಹೋಟೆಲ್ ಬಿಟ್ಟು ಬೇರೆ ಕೆಲಸವನ್ನೂ ಮಾಡಬಲ್ಲರು ಅಂತ ತೋರಿಸಬೇಕು ಅನ್ನುವ ಆಸೆಯೂ ಅವರಿಗೆ ಇತ್ತು. ತೋರಿಸಿದರು. ಈ ಊರಿನ ಬಟ್ಟೆ ಗಿರಣಿಗಳೆಲ್ಲ ಮುಚ್ಚಿ ಜನ ಕೆಲಸವಿಲ್ಲದೆ ಕೂತಿದ್ದಾಗ 1970ರ ದಶಕದಲ್ಲಿ ಇಲ್ಲಿಗೆ ಬಂದು ಸಾವಿರಾರು ಜನಕ್ಕೆ ಅನ್ನ ಕೊಟ್ಟರು. ಆ ಕಂಪನಿಯಲ್ಲಿ ಕೆಲಸ ಮಾಡಿದವರು ಒಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ. ಇವತ್ತಿಗೂ ‘ಡಾಕ್ಟರ್ ವಾಂಗ್’ ಅನ್ನುತ್ತಾರೆ, ಬರೀ ಹೆಸರು ಹಿಡಿದು ಕರೆಯುವುದಿಲ್ಲ. ಇಲ್ಲಿ ಚಿಕ್ಕ ಹುಡುಗರೂ ಬಾಸನ್ನು ಹೆಸರು ಹಿಡಿದೇ ಕರೆಯುತ್ತಾರೆ ಅಂತ ಹೇಳಿದ್ದೆನಲ್ಲ, ಅಂಥ ದೇಶದಲ್ಲಿ! ನನಗೆ ಕೇಳಿ ಹೆಮ್ಮೆಯಾಯಿತು. ನಮ್ಮ ಹಾಗೇ ಹೊರಗಿನಿಂದ ಬಂದವರು ಅಲ್ವಾ.

ಮಕ್ಕಳ ಮೇಲೂ ಅಷ್ಟೇ ಪ್ರೀತಿ. ಕಂಪನಿ ಮನೆಯವರ ಕೈಯಲ್ಲೇ ಉಳಿಯಬೇಕು ಅಂತ 1986ರಲ್ಲಿ ದೊಡ್ಡ ಮಗ ಫ್ರೆಡ್‌ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಅಷ್ಟರಲ್ಲಿ ಎಲ್ಲರ ಮೇಜಿನ ಮೇಲೂ ಕಡಿಮೆ ಬೆಲೆಯ ಪಿಸಿ ಬಂದಿತ್ತು, ಬರೀ ಟೈಪಿಂಗ್‌ಗೆ ಅಂತ ದುಬಾರಿ ಯಂತ್ರ ಕೊಳ್ಳುವವರು ಇಲ್ಲವಾದರು. ನಷ್ಟ ಬಿತ್ತು. 1989ರಲ್ಲಿ ಮಗನನ್ನು ಆ ಜಾಗದಿಂದ ಇಳಿಸಬೇಕಾಯಿತು. ಜನ ಅದನ್ನು ಮಗನ ಸೋಲು ಅಂತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಾಲವೇ ತಿರುಗಿದಾಗ ಮೂವತ್ತು ಸಾವಿರ ಜನರ ಕಂಪನಿಯನ್ನು ಯಾರು ಕೂಡ ಸುಲಭವಾಗಿ ತಿರುಗಿಸಲಾರರು.

ಆ ವರ್ಷವೇ, ಅಪ್ಪ, ಅವರಿಗೆ ಅನ್ನನಾಳದಲ್ಲಿ ಕ್ಯಾನ್ಸರ್ ಅಂತ ಆಪರೇಷನ್ ಆಗಿತ್ತು. 1990ರ ಮಾರ್ಚಿನಲ್ಲಿ ತೀರಿಕೊಂಡರು. 70 ವರ್ಷ. ಈಗ ನಿಮ್ಮ ವಯಸ್ಸು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಹೊರರೋಗಿಗಳ ಕಟ್ಟಡಕ್ಕೆ ಅವರದೇ ಹೆಸರಿದೆ, ಅಷ್ಟು ದಾನ ಕೊಟ್ಟಿದ್ದರು.

ಅಕ್ಕನ ಪತ್ರ ಬಂದ ರಾತ್ರಿಯಿಂದ ಇದೇ ತಲೆಯಲ್ಲಿ ತಿರುಗುತ್ತಿದೆ. ಹೆದರಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ನಿಮಗೆ ಅದೇ ಆಗಿದೆ ಅಂತ ನಾನು ಹೇಳುತ್ತಲೇ ಇಲ್ಲ. ಎಷ್ಟೋ ಜನಕ್ಕೆ ಆಸಿಡ್ ಮೇಲೆ ಬಂದು ಬಂದು ಅನ್ನನಾಳ ಕಿರಿದಾಗಿರುತ್ತದೆ. ಬಲೂನ್ ಹಾಕಿ ಅಗಲ ಮಾಡುತ್ತಾರೆ, ಮತ್ತೆ ಮುದ್ದೆ ಉಣ್ಣುತ್ತಾರೆ. ನಿಮ್ಮದೂ ಹಾಗೇ ಇರಬಹುದು. ಆದರೆ ಗಟ್ಟಿ ಊಟ ಇಳಿಯದೆ ತೂಕವೂ ಇಳಿದರೆ ನೋಡಲೇಬೇಕು ಅಂತ ಎಲ್ಲ ಡಾಕ್ಟರೂ ಹೇಳುತ್ತಾರೆ. ಅದರಲ್ಲೂ ನೀವು ಎಲೆಯಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳುವವರು. ಅದನ್ನಂತೂ ಇವತ್ತೇ ಬಿಟ್ಟುಬಿಡಿ.

ಎಂಡೋಸ್ಕೋಪಿ ಅಂದರೆ ಆಪರೇಷನ್ ಅಲ್ಲ. ಬೆಳಿಗ್ಗೆ ಏನೂ ತಿನ್ನದೆ ಹೋಗಬೇಕು. ಗಂಟಲಿಗೆ ಮರಗಟ್ಟುವ ಔಷಧಿ ಹೊಡೆದು, ತುದಿಯಲ್ಲಿ ಕ್ಯಾಮೆರಾ ಇರುವ ತೆಳು ಪೈಪು ಬಿಡುತ್ತಾರೆ. ಕೆಲವೇ ನಿಮಿಷದ ಕೆಲಸ. ಸ್ವಲ್ಪ ವಾಕರಿಕೆ ಬಂದಂತಾಗುತ್ತದೆ, ಅಷ್ಟೇ. ಚೂರು ಮಾಂಸ ಚಿವುಟಿ ಪರೀಕ್ಷೆಗೆ ಕಳಿಸಿದರೆ ಗಾಬರಿಯಾಗಬೇಡಿ, ಅದು ರೂಢಿ. ಸಂಜೆಗೆ ಮನೆಯಲ್ಲಿರುತ್ತೀರಿ.

‘ಮಗ ಬೆವರು ಸುರಿಸಿದ ದುಡ್ಡು’ ಅಂತ ಅಮ್ಮನ ಹತ್ತಿರ ಅಂದಿರಂತೆ. ನಿಮಗಲ್ಲದೆ ಇನ್ಯಾರಿಗೆ ಅಪ್ಪ ಆ ದುಡ್ಡು? ನನ್ನ ಕಾಲೇಜು ಫೀಸು ಕಟ್ಟಲು ನೀವು ಎರಡು ರೆಮಿಂಗ್ಟನ್ ಮಷಿನ್ ಮಾರಿದಿರಿ, ಆಗ ನಾನು ಬೇಡ ಅಂದೆನಾ? ಭಾವನ ಅಕೌಂಟಿಗೆ ಕಳಿಸಿದ್ದೇನೆ, ಬೇಕಾದಷ್ಟಿದೆ. ವಾಂಗ್ ಅವರಿಗೆ ಹೋಗಿ ನೋಡಲು ಅಪ್ಪ ಅಮ್ಮ ಉಳಿದಿರಲಿಲ್ಲ. ನನಗೆ ನೀವಿದ್ದೀರಿ. ಒಂದು ಮಾತು ಹೇಳಿ, ಮರುದಿನವೇ ಟಿಕೆಟ್ ತೆಗೆಯುತ್ತೇನೆ. ರಜೆಗೆ ಏನೂ ತೊಂದರೆಯಿಲ್ಲ, ಕೇಳಿಯೂ ಆಗಿದೆ.

ಭಾವ ಬುಧವಾರ ರಜೆ ಹಾಕಿದ್ದಾರೆ, ಬೆಳಿಗ್ಗೆಯೇ ಕಾರು ತರುತ್ತಾರೆ. ದಯವಿಟ್ಟು ಆಗಲ್ಲ ಅನ್ನಬೇಡಿ. ಮುಗಿದ ಕೂಡಲೇ ಅಕ್ಕನಿಂದ ಫೋನ್ ಮಾಡಿಸಿ, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ. ಆಫೀಸಿಗೆ ಹೊತ್ತಾಯಿತು, ರಾತ್ರಿ ಬಿದ್ದ ಹಿಮವನ್ನು ಕಾರಿನ ಮೇಲಿಂದ ಬೇರೆ ಕೆರೆಯಬೇಕು. ಚಿಕ್ಕಪ್ಪನ ತೋಟದ ವಿಷಯ ಮುಂದಿನ ಪತ್ರದಲ್ಲಿ ಬರೆಯುತ್ತೇನೆ. ಅಮ್ಮನಿಗೆ ನಮಸ್ಕಾರ.

ಇತಿ ನಿಮ್ಮ ಮಗ,
ರವಿ