ಡೈರೆಕ್ಟರ್ ಆದ್ಮೇಲೂ ಲ್ಯಾಬ್ ಬಿಡದೋರ ಬಗ್ಗೆ ಸ್ವಲ್ಪ ಬರೀರಿ

ಸಂಪಾದಕರಿಗೆ ನಮಸ್ಕಾರ,

ಹೊಸ ಕುಲಪತಿ ಬಂದ್ರು ಅಂದ್ರೆ ಪೇಪರಲ್ಲಿ ಹಾರ, ಮೈಸೂರು ಪೇಟ, ಶಾಲು, ಫೋಟೋ, ಅಷ್ಟೇ. ಆ ಮನುಷ್ಯ ಅಲ್ಲಿಗೆ ಬರೋ ಮುಂಚೆ ಯಾವ ಪ್ರಶ್ನೆ ಹಿಂದೆ ಬಿದ್ದಿದ್ರು ಅನ್ನೋದಕ್ಕೆ ಒಂದು ಸಾಲೂ ಇರಲ್ಲ. ನಾನು ಮೂವತ್ತು ವರ್ಷ ಪಿಯುಸಿ ಮಕ್ಳಿಗೆ ಬಯಾಲಜಿ ಮಾಡಿದೋನು, ಅದಕ್ಕೇ ಹೊಟ್ಟೆ ಉರಿಯುತ್ತೆ.

ಜಿ. ಪದ್ಮನಾಭನ್ ಅವರನ್ನೇ ತಗೊಳ್ಳಿ. 1994ರಿಂದ 1998ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಐಐಎಸ್‌ಸಿಗೆ, ಅಂದ್ರೆ ಹಳೇ ಬೆಂಗಳೂರಿನೋರ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಡೈರೆಕ್ಟರ್ ಆಗಿದ್ದೋರು. ಸಿ.ಎನ್.ಆರ್. ರಾವ್ ಹತ್ತು ವರ್ಷ ಕೂತಿದ್ದ ಕುರ್ಚಿ ಅದು. ಮದ್ರಾಸಿನೋರು, ದೆಹಲೀಲಿ ಎಂಎಸ್ಸಿ ಓದಿದ್ದು ಮಣ್ಣಿನ ಕೆಮಿಸ್ಟ್ರಿ, ಪಿಎಚ್‌ಡಿಗೆ ಇಲ್ಲಿನ ಬಯೋಕೆಮಿಸ್ಟ್ರಿ ಡಿಪಾರ್ಟ್‌ಮೆಂಟಿಗೆ ಬಂದ್ರು, 1966ರಲ್ಲಿ ಅದು ಮುಗೀತು, ಆಮೇಲೆ ಅಲ್ಲೇ ಬೇರು ಬಿಟ್ರು.

ಮೊದಲು ಲಿವರ್ ಮೇಲೆ ಕೆಲಸ, ಆಮೇಲೆ ಮಲೇರಿಯಾ. ಮಲೆನಾಡಿನ ನಮಗೆ ಈ ಜ್ವರ ಹೊಸದಲ್ಲ. ನಾವು ಚಿಕ್ಕೋರಿದ್ದಾಗ ಮಲೇರಿಯಾ ವರ್ಕರ್ ಬಂದು ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಸ್ಲೈಡ್ ಮೇಲೆ ರಕ್ತ ಸವರ್ಕೊಂಡು, ಬಾಗಿಲ ಪಕ್ಕದ ಗೋಡೆ ಮೇಲೆ ತಾರೀಖು ಬರೆದು ಸೈನ್ ಹಾಕಿ ಹೋಗ್ತಿದ್ರು, ಹಬ್ಬಕ್ಕೆ ಸುಣ್ಣ ಹೊಡೆಯುವಾಗ ಅಮ್ಮ ಅಷ್ಟು ಜಾಗ ಬಿಟ್ಟೇ ಹೊಡೆಸ್ತಿದ್ದಳು.

ಆ ಸ್ಲೈಡಲ್ಲಿ ಕಾಣೋ ಪರಾವಲಂಬಿ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತೆ, ಸುತ್ತ ಬೇಕಾದಷ್ಟು ಹೀಮ್ (ಹಿಮೋಗ್ಲೋಬಿನ್ನಲ್ಲಿ ಕಬ್ಬಿಣ ಇರೋ ಭಾಗ) ಬಿದ್ದಿರುತ್ತೆ, ಆದ್ರೂ ತನ್ನ ಹೀಮ್ ತಾನೇ ಮಾಡ್ಕೊಳ್ಳುತ್ತೆ. ಯಾಕೆ? ಪದ್ಮನಾಭನ್ ಮತ್ತು ಜೊತೆಯೋರು ಹಿಡಿದಿದ್ದು ಈ ಎಳೆ. ಹೀಮ್ ಮಾಡೋಕೆ ಬೇಕಾದ ಒಂದು ಎನ್‌ಜೈಮನ್ನ (ರಾಸಾಯನಿಕ ಕ್ರಿಯೆ ನಡೆಸೋ ಪ್ರೋಟೀನು) ಪರಾವಲಂಬಿ ನಮ್ಮ ರಕ್ತಕಣದಿಂದಲೇ ಒಳಗೆ ಎಳ್ಕೊಳ್ಳುತ್ತೆ ಅಂತ ತೋರಿಸಿದ್ರು, ಅಂದ್ರೆ ನಮ್ಮನೆಗೇ ನುಗ್ಗಿ ನಮ್ಮ ಪಾತ್ರೇಲೇ ಅಡುಗೆ ಮಾಡ್ಕೊಂಡಂಗೆ. ಆ ಪೇಪರ್ ಬಂದಿದ್ದು 1997ರಲ್ಲಿ, ಡೈರೆಕ್ಟರ್ ಕುರ್ಚೀಲಿ ಇದ್ದಾಗಲೇ ನೋಡಿ! ಫೈಲು, ಮೀಟಿಂಗು, ದೆಹಲಿ ಓಡಾಟ ಎಲ್ಲದರ ಮಧ್ಯೆ.

ಕುರ್ಚಿ ಬಿಟ್ಟ ಮೇಲೆ ಮನೇಲಿ ಕೂತ್ರಾ, ಇಲ್ಲ. ಅರಿಶಿನದ ಕರ್ಕ್ಯುಮಿನ್ನನ್ನ ಮಲೇರಿಯಾ ಹಿಡಿದ ಇಲಿಗಳಿಗೆ ಕೊಟ್ಟು ನೋಡಿದ್ರು, ಮಲೇರಿಯಾಕ್ಕೆ ಕೊಡೋ ಆರ್ಟೆಮಿಸಿನಿನ್ ಜಾತಿಯ ಔಷಧಿ ಜೊತೆ ಸೇರಿಸಿದ್ರೆ ಇನ್ನೂ ಚೆನ್ನಾಗಿ ಕೆಲಸ ಮಾಡ್ತು. (ಇದನ್ನ ಓದಿ ಯಾರೂ ಜ್ವರಕ್ಕೆ ಅರಿಶಿನದ ಹಾಲು ಕುಡಿದು ಮಲಗಬೇಡಿ, ಇಲಿ ಬೇರೆ, ನಾವು ಬೇರೆ, ಮೊದಲು ರಕ್ತ ಟೆಸ್ಟ್ ಮಾಡಿಸ್ಕೊಳ್ಳಿ.) ಮಿದುಳಿಗೆ ಏರೋ ಮಲೇರಿಯಾಕ್ಕೆ ಗ್ರಿಸಿಯೋಫುಲ್ವಿನ್, ಅದೇ ಹುಳುಕಡ್ಡಿಗೆ ಕೊಡೋ ಹಳೇ ಮಾತ್ರೆ, ಇಲಿಗಳಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಭುವನೇಶ್ವರದ ವಿಜ್ಞಾನಿಗಳ ಜೊತೆ ಸೇರಿ 2022ರಲ್ಲಿ ಬರೆದಾಗ ಅವರಿಗೆ 84 ವರ್ಷ. ಹಿಡಿದಿದ್ದು ಮಾತ್ರ ಅದೇ ಹೀಮ್ ಎಳೆ.

ಆಡಳಿತ ಹೆಂಗೆ ಮಾಡಿದ್ರು ಅನ್ನೋದನ್ನ ಅಲ್ಲಿದ್ದೋರು ಹೇಳ್ಬೇಕು. ನನಗೆ ಬೇಕಿರೋದು ಇಷ್ಟೇ, ಮುಂದಿನ ಸಲ ಯಾವುದಾದ್ರೂ ವಿ.ವಿ.ಗೆ ಹೊಸ ಕುಲಪತಿ ಬಂದಾಗ ನಿಮ್ಮ ವರದಿಗಾರರು "ಸಾರ್, ನೀವು ಕೊನೇ ಸಲ ಲ್ಯಾಬಿಗೆ ಹೋಗಿದ್ದು ಯಾವಾಗ, ಅಲ್ಲಿ ಏನು ನಡೀತಿದೆ" ಅಂತ ಕೇಳಿ ನಾಲ್ಕು ಸಾಲು ಹಾಕ್ಲಿ. ಫೋಟೋ ಸಣ್ಣದಾದ್ರೂ ಪರವಾಗಿಲ್ಲ.

ಇಂತಿ,
ನಿವೃತ್ತ ಬಯಾಲಜಿ ಮೇಷ್ಟ್ರು, ಸಾಗರ