ಕೋಣೆಯ ಕರೆಂಟನ್ನೇ ಕಡಿಯುವುದು ಉಳಿತಾಯವಲ್ಲ

ಮಾನ್ಯ ಸಂಪಾದಕರೇ,

ಹೋಟೆಲ್ ಕೋಣೆಗಳಲ್ಲಿ ವಿದ್ಯುತ್ ಉಳಿಸಲೆಂದು ಹಾಕುವ ಉಪಕರಣಗಳ ಬಗ್ಗೆ ಅತಿಥಿಗಳು ಗೊಣಗುವುದು, ‘ಪರಿಸರಕ್ಕಾಗಿ ಸ್ವಲ್ಪ ಸಹಿಸಿಕೊಳ್ಳಿ’ ಎಂದು ಹೋಟೆಲಿನವರು ಸಮಜಾಯಿಷಿ ಕೊಡುವುದು ಈಗ ಮಾಮೂಲಾಗಿದೆ. ಕಟ್ಟಡಗಳ ವಿದ್ಯುತ್ ಮತ್ತು ಹವಾನಿಯಂತ್ರಣದ ಕೆಲಸ ಬಲ್ಲವರಿಗೆ ಈ ಜಗಳವೇ ಅನಗತ್ಯ ಎನಿಸುತ್ತದೆ. ಅತಿಥಿಯನ್ನು ಕಾಡುವ ಬಹುಪಾಲು ಏರ್ಪಾಡುಗಳು ಹೇಳಿಕೊಳ್ಳುವಷ್ಟು ಕರೆಂಟನ್ನೂ ಉಳಿಸುವುದಿಲ್ಲ. ನಿಜವಾಗಿ ಉಳಿಸುವಂಥವನ್ನು ಸರಿಯಾಗಿ ಕೂರಿಸಿದರೆ ಅವು ಅತಿಥಿಯ ಗಮನಕ್ಕೇ ಬರುವುದಿಲ್ಲ.

ಮೊದಲು ಬಾಗಿಲ ಪಕ್ಕದ ಕೀ ಕಾರ್ಡ್ ಸ್ವಿಚ್ ನೋಡೋಣ. ಕಾರ್ಡನ್ನು ಸ್ಲಾಟಿಗೆ ಸಿಕ್ಕಿಸಿದರೆ ಒಳಗಿನ ಸಣ್ಣ ರಿಲೇ ಚಾಲೂ ಆಗಿ, ಡಿಸ್ಟ್ರಿಬ್ಯೂಷನ್ ಬಾಕ್ಸಿನಲ್ಲಿರುವ ಕಾಂಟ್ಯಾಕ್ಟರನ್ನು (ಕಾಯಿಲಿನ ಸೆಳೆತದಿಂದ ಕೂಡಿಕೊಳ್ಳುವ ದೊಡ್ಡ ಸ್ವಿಚ್) ಎಳೆಯುತ್ತದೆ; ಕೋಣೆಗೆ ಕರೆಂಟು ಬರುತ್ತದೆ. ಕಾರ್ಡ್ ತೆಗೆದ 15ರಿಂದ 30 ಸೆಕೆಂಡಿಗೆ ಎಲ್ಲವೂ ಆರಿಹೋಗುತ್ತದೆ. ದೀಪ, ಎ.ಸಿ., ಟಿ.ವಿ., ಫ್ರಿಜ್, ಗೀಸರ್, ಪ್ಲಗ್ ಪಾಯಿಂಟುಗಳು ಎಂಬ ಭೇದವಿಲ್ಲದೆ ಎಲ್ಲವನ್ನೂ ಒಂದೇ ಕಾಂಟ್ಯಾಕ್ಟರಿಗೆ ಕಟ್ಟಿಹಾಕಿರುವುದೇ ತೊಂದರೆಯ ಮೂಲ. ವೈರಿಂಗ್ ಮಾಡುವವನಿಗೆ ಅದು ಸುಲಭ, ಅಷ್ಟೇ.

ಲೆಕ್ಕ ಹಾಕಿ ನೋಡಿ. ಒಂದೂವರೆ ಟನ್ನಿನ ಎ.ಸಿ. ಓಡುವಾಗ ಹೆಚ್ಚುಕಡಿಮೆ 1ರಿಂದ 1.5 ಕಿಲೋವಾಟ್ ಎಳೆಯುತ್ತದೆ. 7 ವಾಟಿನ ಎಂಟು ಎಲ್‌ಇಡಿ ದೀಪಗಳು ಸೇರಿದರೆ 56 ವಾಟ್. ಅವನ್ನು ಎಂಟು ಗಂಟೆ ಮರೆತು ಉರಿಯಬಿಟ್ಟರೂ ಅರ್ಧ ಯೂನಿಟ್ ಮುಟ್ಟುವುದಿಲ್ಲ. ಒಂದು ಮೊಬೈಲನ್ನು ಖಾಲಿಯಿಂದ ತುಂಬಿಸಲು ಬೇಕಾದದ್ದು ಒಂದು ಯೂನಿಟಿನ ಐವತ್ತರಲ್ಲಿ ಒಂದು ಪಾಲಿನ ಆಸುಪಾಸು. ಲ್ಯಾಪ್‌ಟಾಪ್ ಎರಡು ಗಂಟೆ ಚಾರ್ಜ್ ಆದರೂ 0.15 ಯೂನಿಟ್ ದಾಟುವುದು ಅಪರೂಪ. ತಿಂಡಿಗೆಂದು ಕೆಳಗೆ ಹೋಗಿ ಬರುವಷ್ಟರಲ್ಲಿ ಫೋನ್ ತುಂಬಿರಲಿ ಎಂದುಕೊಂಡ ಅತಿಥಿಯ ಪ್ಲಗ್ಗನ್ನು ಸಾಯಿಸಿ ಹೋಟೆಲು ಗಳಿಸುವುದು ಇಷ್ಟನ್ನೇ.

ಫ್ರಿಜ್‌ನದು ಇನ್ನೂ ಗಂಭೀರ. ಕೋಣೆಗಳಲ್ಲಿಡುವ ಸದ್ದಿಲ್ಲದ ಚಿಕ್ಕ ಫ್ರಿಜ್‌ಗಳು ಬಹಳಷ್ಟು ಕಡೆ ಅಬ್ಸಾರ್ಪ್ಷನ್ ಬಗೆಯವು. ಅವುಗಳಲ್ಲಿ ಕಂಪ್ರೆಸರ್ ಇರುವುದಿಲ್ಲ. ಹೀಟರೊಂದು ಅಮೋನಿಯಾ ದ್ರಾವಣವನ್ನು ಕಾಯಿಸಿ ತಂಪು ಹುಟ್ಟಿಸುತ್ತದೆ. ಈ ಕ್ರಿಯೆ ತೀರಾ ನಿಧಾನ. ಒಮ್ಮೆ ನಿಂತರೆ ಮತ್ತೆ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ದಿನಕ್ಕೆ ಎರಡು ಸಲ ಕಾರ್ಡ್ ತೆಗೆದರೆ ಅದು ಫ್ರಿಜ್ ಅಲ್ಲ, ಬಾಗಿಲಿರುವ ಕಪಾಟು. ಬಳಸದ ಇನ್ಸುಲಿನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಇಂಥ ಫ್ರಿಜ್ ನಂಬಿದವರ ಔಷಧ ಕೆಡಬಹುದು, ಕೆಟ್ಟದ್ದು ಕಣ್ಣಿಗೆ ಕಾಣುವುದೂ ಇಲ್ಲ. ಅಬ್ಸಾರ್ಪ್ಷನ್ ಫ್ರಿಜ್ ಅದೇ ಗಾತ್ರದ ಕಂಪ್ರೆಸರ್ ಫ್ರಿಜ್‌ಗಿಂತ ಹೆಚ್ಚು ಕರೆಂಟು ತಿನ್ನುತ್ತದೆ. ಉಳಿಸುವ ಮನಸ್ಸಿದ್ದರೆ ಕಂಪ್ರೆಸರ್ ಫ್ರಿಜ್ ತಂದು ದಿನವಿಡೀ ಓಡಿಸುವುದೇ ಲೇಸು.

ಹೀಗೆ ಕಾಡಿಸಿದಾಗ ಅತಿಥಿಗಳು ಸುಮ್ಮನೆ ಕೂರುವುದಿಲ್ಲ. ಹಳೇ ಬಗೆಯ ಸ್ಲಾಟಿನಲ್ಲಿ ಇರುವುದು ಬರೀ ಒತ್ತುವ ಸ್ವಿಚ್. ದಪ್ಪನೆಯ ವಿಸಿಟಿಂಗ್ ಕಾರ್ಡ್ ತುರುಕಿದರೂ ಸಾಕು. ಅದನ್ನು ತಡೆಯಲು ಕಾರ್ಡಿನ ಚಿಪ್ ಓದುವ ಸ್ಲಾಟ್ ಹಾಕಿದರೆ ಅತಿಥಿ ರಿಸೆಪ್ಷನ್‌ನಲ್ಲಿ ಎರಡನೇ ಕೀ ಕೇಳಿ ಪಡೆಯುತ್ತಾನೆ. ಇವರು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ. ಕೊನೆಗೆ ಆಗುವುದೇನು? ಫೋನ್ ಚಾರ್ಜ್ ಆಗಲೆಂದು ಬಿಟ್ಟುಹೋದ ಎರಡನೇ ಕಾರ್ಡಿನಿಂದಾಗಿ ಖಾಲಿ ಕೋಣೆಯಲ್ಲಿ ಎ.ಸಿ.ಯೂ ದಿನವಿಡೀ ಓಡುತ್ತದೆ. ಹತ್ತು ವಾಟ್ ಉಳಿಸಲು ಹೋಗಿ ಒಂದು ಕಿಲೋವಾಟ್ ಕಳೆದುಕೊಂಡಂತಾಯಿತು.

ಪರಿಹಾರ ಕಷ್ಟದ್ದಲ್ಲ. ಕಾಂಟ್ಯಾಕ್ಟರಿಗಿಂತ ಮುಂಚೆಯೇ, ಅಂದರೆ ಕರೆಂಟು ಬರುವ ಕಡೆಯಿಂದ, ಪ್ರತ್ಯೇಕ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬೀಳುವ ರಕ್ಷಣಾ ಸ್ವಿಚ್) ಹಾಕಿ ಒಂದು ಸರ್ಕ್ಯೂಟನ್ನು ಸದಾ ಚಾಲೂ ಇಡಬೇಕು. ಅದರ ಮೇಲೆ ಫ್ರಿಜ್, ಹಾಸಿಗೆಯ ಎರಡೂ ಬದಿಯ ಒಂದೊಂದು ಪ್ಲಗ್, ಮೇಜಿನ ಒಂದು ಪ್ಲಗ್, ಬಚ್ಚಲಿನ ಪುಟ್ಟ ರಾತ್ರಿದೀಪ, ವೈಫೈ ಪೆಟ್ಟಿಗೆ ಇಷ್ಟಿದ್ದರೆ ಸಾಕು. ಆ ಪ್ಲಗ್ಗುಗಳಿಗೆ ಬೇರೆ ಬಣ್ಣದ ಫಲಕ ಹಾಕಿ ‘ಸದಾ ಚಾಲೂ’ ಎಂದು ಬರೆಯಬೇಕು. ಇಸ್ತ್ರಿಪೆಟ್ಟಿಗೆ, ಕೆಟಲ್‌ಗಳ ಪ್ಲಗ್ಗುಗಳನ್ನು ಮಾತ್ರ ಕಾರ್ಡಿನ ಹಿಡಿತದಲ್ಲೇ ಉಳಿಸುವುದು ಸರಿ. ಅಲ್ಲಿ ಉಳಿತಾಯಕ್ಕಿಂತ ಸುರಕ್ಷತೆಯ ಪ್ರಶ್ನೆ ದೊಡ್ಡದು. ನಿದ್ದೆಯಲ್ಲಿ ಉಸಿರಾಟ ನಿಲ್ಲುವ ತೊಂದರೆಗೆ ಸಿಪ್ಯಾಪ್ ಯಂತ್ರ ಬಳಸುವವರಿಗೆ ಹಾಸಿಗೆ ಪಕ್ಕದ ಈ ಪ್ಲಗ್ ಐಷಾರಾಮವಲ್ಲ. ಎಷ್ಟೋ ಕೋಣೆಗಳಲ್ಲಿ ಹಾಸಿಗೆ ಬಳಿಯ ಮಾಸ್ಟರ್ ಸ್ವಿಚ್ ಒತ್ತಿದರೆ ದೀಪದ ಜೊತೆಗೆ ಆ ಪ್ಲಗ್ಗೂ ಸಾಯುತ್ತದೆ. ಮಾಸ್ಟರ್ ಸ್ವಿಚ್ ದೀಪಗಳಿಗಷ್ಟೇ ಇರಬೇಕು.

ಕಾಂಟ್ಯಾಕ್ಟರಿನ ಜಾಗದ ಬಗ್ಗೆಯೂ ಒಂದು ಮಾತು. ಪರ್ಯಾಯ ವಿದ್ಯುತ್ತಿನಲ್ಲಿ (ಆಲ್ಟರ್ನೇಟಿಂಗ್ ಕರೆಂಟ್) ಓಡುವ ಕಾಯಿಲಿನ ಕಾಂಟ್ಯಾಕ್ಟರ್ ಎಳೆದುಕೊಂಡಿರುವಷ್ಟೂ ಹೊತ್ತು ಸಣ್ಣಗೆ ಗುಂಯ್‌ಗುಡುತ್ತದೆ. ಅದರ ಕಬ್ಬಿಣದ ಮುಖಗಳ ನಡುವೆ ದೂಳು ಕೂತರೆ ಸದ್ದು ಜಾಸ್ತಿ. ಪೆಟ್ಟಿಗೆಯನ್ನು ತಲೆದಿಂಬಿನ ಹಿಂದಿನ ಗೋಡೆಗೆ ಹೊಡೆದರೆ ಅತಿಥಿಗೆ ರಾತ್ರಿಯಿಡೀ ಅದೇ ಜೋಗುಳ. ಬಾಗಿಲ ಬಳಿಯ ಬೀರುವಿನೊಳಗೆ ಹಾಕಲಿ, ಇಲ್ಲವೇ ಸದ್ದು ಮಾಡದ, ನೇರ ವಿದ್ಯುತ್ತಿನ (ಡಿ.ಸಿ.) ಕಾಯಿಲಿನದನ್ನು ತರಲಿ.

ಇನ್ನು ಎ.ಸಿ. ನಿಜವಾದ ಉಳಿತಾಯ ಇರುವುದು ಇಲ್ಲೇ. ಹೆಚ್ಚು ತಪ್ಪುಗಳಾಗುವುದೂ ಇಲ್ಲೇ. ಕಾರ್ಡ್ ತೆಗೆದಾಗ ಎ.ಸಿ.ಯ ಕರೆಂಟನ್ನೇ ಕಡಿಯುವುದು ಒರಟು ವಿಧಾನ. ಓಡುತ್ತಿರುವ ಇನ್ವರ್ಟರ್ ಎ.ಸಿ.ಯನ್ನು ದಿನಕ್ಕೆ ಹತ್ತು ಸಲ ಹೀಗೆ ಕೊಂದರೆ ಅದರ ಎಲೆಕ್ಟ್ರಾನಿಕ್ ಬೋರ್ಡಿಗೆ ಒಳ್ಳೆಯದಲ್ಲ. ಕರೆಂಟು ಮರಳಿದ ಮೇಲೂ ಕಂಪ್ರೆಸರ್ ಸುಮಾರು 3 ನಿಮಿಷ ಶುರುವಾಗುವುದಿಲ್ಲ. ಒಳಗಿನ ಅನಿಲದ ಒತ್ತಡ ಸಮವಾಗಲೆಂದು ತಯಾರಕರೇ ಇಟ್ಟಿರುವ ತಡೆ ಅದು. ಇದು ಗೊತ್ತಿಲ್ಲದ ಅತಿಥಿ ‘ಗಾಳಿ ಬರುತ್ತಿದೆ, ತಂಪಿಲ್ಲ’ ಎಂದು ರಿಸೆಪ್ಷನ್‌ಗೆ ಫೋನ್ ಮಾಡುತ್ತಾನೆ. ಆಟೋ ರೀಸ್ಟಾರ್ಟ್ ಇಲ್ಲದ ಎ.ಸಿ.ಯಾದರೆ ರಿಮೋಟ್ ಒತ್ತುವ ತನಕ ಗಾಳಿಯೂ ಇಲ್ಲ.

ಹೋಟೆಲುಗಳಲ್ಲಿ ಹಾಕುವ ಅನೇಕ ಎ.ಸಿ.ಗಳ ಬೋರ್ಡಿನಲ್ಲಿ, ಕೆಲವಕ್ಕೆ ಬೇರೆಯಾಗಿ ಕೊಳ್ಳುವ ಅಡಾಪ್ಟರಿನ ಮೂಲಕ, ಹೊರಗಿನ ಸಂಕೇತ ಪಡೆಯುವ ಕನೆಕ್ಟರ್ ಸಿಗುತ್ತದೆ. ಕಾರ್ಡ್ ಸ್ವಿಚ್ಚಿನಿಂದ ಎರಡು ಸಣ್ಣ ತಂತಿ ಅಲ್ಲಿಗೆ ಎಳೆದರೆ ಎ.ಸಿ. ತಾನೇ ಕ್ರಮವಾಗಿ ನಿಲ್ಲುತ್ತದೆ. ಥರ್ಮೋಸ್ಟ್ಯಾಟ್‌ಗೆ (ಕೋಣೆಯ ತಾಪಮಾನ ಹೊಂದಿಸುವ ಉಪಕರಣ) ಎಳೆದರೆ ಇನ್ನೂ ಉತ್ತಮ: ಕೋಣೆ ಖಾಲಿಯಾದಾಗ ನಿಲ್ಲಿಸುವ ಬದಲು 24ರಿಂದ 27 ಅಥವಾ 28 ಡಿಗ್ರಿಗೆ ಏರಿಸಿ ಇಡಬಹುದು. ಅತಿಥಿ ಮರಳಿದ ಕಾಲು ಗಂಟೆಯಲ್ಲಿ ಕೋಣೆ ಹದಕ್ಕೆ ಬರುತ್ತದೆ. ಸೆಕೆಯ ಜೊತೆ ತೇವವೂ ಇರುವ ಕಡೆ ಎ.ಸಿ.ಯನ್ನು ದಿನವಿಡೀ ಪೂರ್ತಿ ನಿಲ್ಲಿಸಿದರೆ ಪರದೆ, ಹಾಸಿಗೆ, ಗೋಡೆಕಾಗದ ಎಲ್ಲವೂ ತೇವ ಹೀರಿ ಬೂಸ್ಟು ವಾಸನೆ ಹಿಡಿಯುತ್ತದೆ. ಆಮೇಲೆ ಆ ತೇವವನ್ನು ಹಿಂಡಿ ತೆಗೆಯಲು ಖರ್ಚಾಗುವುದೂ ಕರೆಂಟೇ. ಕೆಲವೆಡೆ ಥರ್ಮೋಸ್ಟ್ಯಾಟ್ 18 ಎಂದು ತೋರಿಸುತ್ತದೆ, ಒಳಗಡೆ 22ಕ್ಕೆ ಬೀಗ ಹಾಕಿರುತ್ತಾರೆ. ಇದು ಸರಿಯಲ್ಲ. ಮಿತಿ ಇಟ್ಟರೆ ತಪ್ಪೇನಿಲ್ಲ, ಆದರೆ ಆ ಮಿತಿಯೇ ಪರದೆಯ ಮೇಲೆ ಕಾಣಬೇಕು.

ಚಲನೆ ಗುರುತಿಸುವ ಸೆನ್ಸರಿನಿಂದ ನಿದ್ದೆಗೆಟ್ಟವರು ಬಹಳ. ಚಾವಣಿಯಲ್ಲಿ ಕಾಣುವ ಬಿಳಿ ಗುಮ್ಮಟದಂಥ ಪಿಐಆರ್ (ಶಾಖಕಿರಣ ಗುರುತಿಸುವ) ಸೆನ್ಸರ್ ಮನುಷ್ಯನನ್ನು ನೋಡುವುದಿಲ್ಲ. ದೇಹದ ಶಾಖ ಒಂದು ವಲಯದಿಂದ ಇನ್ನೊಂದಕ್ಕೆ ಸರಿದದ್ದನ್ನಷ್ಟೇ ನೋಡುತ್ತದೆ. ಹೊದ್ದು ಮಲಗಿದವನು ಅದರ ಪಾಲಿಗೆ ಇಲ್ಲವೇ ಇಲ್ಲ. ಬರೀ ಪಿಐಆರ್ ನಂಬಿ 20 ನಿಮಿಷದ ಟೈಮರ್ ಇಟ್ಟರೆ ನಡುರಾತ್ರಿ ಎ.ಸಿ. ನಿಲ್ಲುತ್ತದೆ, ಅತಿಥಿ ಬೆವರಿ ಎದ್ದು ಕೈ ಬೀಸಬೇಕಾಗುತ್ತದೆ. ಇದಕ್ಕೆ ಬಾಗಿಲಿಗೂ, ಅದು ತೆರೆದಿದೆಯೋ ಮುಚ್ಚಿದೆಯೋ ತಿಳಿಸುವ ಮ್ಯಾಗ್ನೆಟ್ ಸೆನ್ಸರ್ ಜೋಡಿಸಬೇಕು. ಬಾಗಿಲು ಮುಚ್ಚಿದ ಮೇಲೆ ಒಮ್ಮೆ ಚಲನೆ ಕಂಡರೂ ಸಾಕು, ಮುಂದೆ ಬಾಗಿಲು ತೆರೆಯುವ ತನಕ ಕೋಣೆಯಲ್ಲಿ ಜನ ಇದ್ದಾರೆಂದೇ ಲೆಕ್ಕ.

ಇದರಲ್ಲೂ ಒಂದು ಕೊರತೆ ಉಂಟು. ಇಬ್ಬರಿದ್ದ ಕೋಣೆಯಿಂದ ಒಬ್ಬರು ನಸುಕಿನಲ್ಲಿ ಎದ್ದು ಹೊರಟರೆ ಬಾಗಿಲು ತೆರೆದು ಮುಚ್ಚುತ್ತದೆ, ಮಲಗಿರುವವರು ಅಲುಗುವುದಿಲ್ಲ, ಕೋಣೆ ಖಾಲಿ ಎಂದು ತೀರ್ಮಾನವಾಗುತ್ತದೆ. ಆದ್ದರಿಂದ ಬಾಗಿಲು ಮುಚ್ಚಿದ ಬಳಿಕ ಕಾಯುವ ಅವಧಿ ಕನಿಷ್ಠ 30 ನಿಮಿಷ ಇರಲಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ ಎ.ಸಿ. ಪೂರ್ತಿ ನಿಲ್ಲದೆ ಎರಡು ಡಿಗ್ರಿಯಷ್ಟೇ ಏರಲಿ. ಉಸಿರಾಟದ ಎದೆಯ ಏರಿಳಿತವನ್ನೂ ಹಿಡಿಯುವ 24 ಅಥವಾ 60 ಗಿಗಾಹರ್ಟ್ಸ್ ರೇಡಾರ್ ಸೆನ್ಸರುಗಳು ಈಗ ಸಿಗುತ್ತವೆ. ಅವುಗಳದು ತದ್ವಿರುದ್ಧ ಕಾಟ. ತಿರುಗುವ ಫ್ಯಾನು, ಅಲುಗುವ ಪರದೆಗಳನ್ನೂ ಮನುಷ್ಯ ಎಂದುಕೊಳ್ಳುತ್ತವೆ. ತೆಳುವಾದ ಜಿಪ್ಸಂ ಗೋಡೆಯಾಚೆ ಪಕ್ಕದ ಕೋಣೆಯವರನ್ನೂ ಎಣಿಸಿಬಿಡುತ್ತವೆ. ದೂರ ಮತ್ತು ಕೋನಗಳ ಮಿತಿಯನ್ನು ಪ್ರತಿ ಕೋಣೆಯಲ್ಲೂ ಹೊಂದಿಸದೆ ಬಿಟ್ಟರೆ ಅವುಗಳಿಂದ ಉಳಿತಾಯ ಸೊನ್ನೆ.

ಬಚ್ಚಲಿನಲ್ಲಿ ಪಿಐಆರ್ ಇನ್ನೂ ಕೆಟ್ಟದಾಗಿ ಸೋಲುತ್ತದೆ. ಗಾಜು ನಮ್ಮ ಕಣ್ಣಿಗೆ ಪಾರದರ್ಶಕ, ದೇಹದ ಶಾಖಕಿರಣಕ್ಕೆ ಗೋಡೆಯಿದ್ದಂತೆ. ಶವರಿನ ಗಾಜಿನ ಬಾಗಿಲ ಹಿಂದೆ ನಿಂತವರು ಎಷ್ಟು ಕೈಕಾಲು ಆಡಿಸಿದರೂ ಸೆನ್ಸರಿಗೆ ಕಾಣದು. ಮೈಗೆಲ್ಲ ಸೋಪು, ಕಣ್ಣಲ್ಲಿ ನೊರೆ, ಕಾಲ ಕೆಳಗೆ ಒದ್ದೆ ನೆಲ, ಅಷ್ಟರಲ್ಲಿ ದೀಪ ಆರಿದರೆ ಜಾರಿ ಬೀಳುವ ಅಪಾಯ ನಿಜ. 9 ವಾಟಿನ ಒಂದು ದೀಪಕ್ಕಾಗಿ ಈ ಗಂಡಾಂತರ ಬೇಕೇ? ಬಚ್ಚಲಿಗೆ ಮಾಮೂಲಿ ಸ್ವಿಚ್ಚೇ ಸಾಕು. ಸೆನ್ಸರ್ ಹಾಕಲೇಬೇಕೆಂದರೆ ಟೈಮರ್ 30 ನಿಮಿಷ ಇರಲಿ. ಎಕ್ಸಾಸ್ಟ್ ಫ್ಯಾನನ್ನು ಮಾತ್ರ ದೀಪದ ಜೊತೆಗೇ ನಿಲ್ಲಿಸದೆ, ದೀಪ ಆರಿದ ಮೇಲೂ ಸುಮಾರು 15 ನಿಮಿಷ ಓಡಿಸಬೇಕು.

ಬಾಲ್ಕನಿ ಬಾಗಿಲು ತೆರೆದರೆ ಎ.ಸಿ. ನಿಲ್ಲುವ ಏರ್ಪಾಡು ಸರಿಯಾದದ್ದೇ. ಜಾರು ಬಾಗಿಲು ಕಾಲಕ್ರಮೇಣ ವಾಲಿ ಮ್ಯಾಗ್ನೆಟ್ ಒಂದೆರಡು ಸೆಂಟಿಮೀಟರ್ ದೂರವಾದರೆ, ಬಾಗಿಲು ಮುಚ್ಚಿದ್ದರೂ ಎ.ಸಿ. ಓಡುವುದಿಲ್ಲ ಎಂಬುದನ್ನು ನಿರ್ವಹಣೆಯವರು ನೆನಪಿಟ್ಟರಾಯಿತು.

ಬಿಸಿನೀರಿಗೆ ಬಂದರೆ, 2 ಕಿಲೋವಾಟಿನ 25 ಲೀಟರ್ ಗೀಸರಿನಲ್ಲಿ ನೀರು 25ರಿಂದ 60 ಡಿಗ್ರಿಗೆ ಏರಲು ಅರ್ಧ ಗಂಟೆ ಬೇಕು. ಕಾರ್ಡಿನ ಹಿಡಿತದಲ್ಲಿರುವ ಗೀಸರಾದರೆ ದಣಿದು ಬಂದ ಅತಿಥಿ ಅಷ್ಟು ಹೊತ್ತು ಕಾಯಬೇಕು. ಟ್ಯಾಂಕಿನ ಹೊದಿಕೆ ಚೆನ್ನಾಗಿದ್ದರೆ ಇಡೀ ದಿನದಲ್ಲಿ ಸೋರುವ ಶಾಖವೇ ಒಂದು ಯೂನಿಟಿನೊಳಗೆ. ಅದನ್ನು ಆಗಾಗ ಕಡಿಯುವುದರಿಂದ ಉಳಿಯುವುದು ಅದರಲ್ಲೂ ಒಂದು ಪಾಲು. ಅದಕ್ಕಿಂತ ಮುಖ್ಯವಾದದ್ದು, 20ರಿಂದ 45 ಡಿಗ್ರಿಯ ಉಗುರುಬೆಚ್ಚಗಿನ ನೀರು ನಿಂತರೆ ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಶವರಿನ ತುಂತುರಿನೊಂದಿಗೆ ಶ್ವಾಸಕೋಶ ಸೇರಿ ನ್ಯುಮೋನಿಯಾ ತರುವ ಜೀವಿ ಇದು. ಸಂಗ್ರಹದ ನೀರು 60 ಡಿಗ್ರಿಯಲ್ಲಿರಲಿ. ಚರ್ಮ ಸುಡದಂತೆ ನಲ್ಲಿಯ ಬಳಿ ತಣ್ಣೀರು ಬೆರೆಸುವ ವಾಲ್ವ್ ಇರಲಿ.

ನೀರನ್ನೂ ಶಾಖವನ್ನೂ ಉಳಿಸಲು ಹಾಕುವ ಕಡಿಮೆ ಹರಿವಿನ ಶವರ್ ಒತ್ತಡವಿರುವ ಪೈಪಿಗೆ ಒಳ್ಳೆಯದು. ತಾರಸಿ ಟ್ಯಾಂಕಿನಿಂದ ಇಳಿಯುವ ನೀರಿಗೆ ಪ್ರತಿ ಮೀಟರ್ ಎತ್ತರಕ್ಕೆ ಸಿಗುವುದು 0.1 ಬಾರ್ ಒತ್ತಡ ಮಾತ್ರ. ಮೇಲಿನ ಮಹಡಿಯಲ್ಲಿ ಇಂಥ ಶವರ್ ಹಾಕಿದರೆ ನೀರು ತೊಟ್ಟಿಕ್ಕುತ್ತದೆ, ಮೈ ತೊಳೆಯಲು ಎರಡರಷ್ಟು ಹೊತ್ತು ಬೇಕಾಗುತ್ತದೆ. ಜೊತೆಗೆ ಇನ್‌ಸ್ಟಂಟ್ ಗೀಸರ್ ಇದ್ದರಂತೂ ಪೀಕಲಾಟ. ಬಹಳಷ್ಟು ಇನ್‌ಸ್ಟಂಟ್ ಗೀಸರುಗಳ ಫ್ಲೋ ಸ್ವಿಚ್ ಚಾಲೂ ಆಗಲು ನಿಮಿಷಕ್ಕೆ ಸುಮಾರು 2 ಲೀಟರ್ ಹರಿವು ಬೇಕು. ನೀರು ತುಸು ಬಿಸಿಯಾಯಿತೆಂದು ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರಿನ ಪಾಲು ಅದಕ್ಕಿಂತ ಕೆಳಗಿಳಿದು ಗೀಸರ್ ಆರುತ್ತದೆ. ತಣ್ಣೀರು ಕಡಿಮೆ ಮಾಡಿದರೆ ಮತ್ತೆ ಹತ್ತಿಕೊಂಡು ಸುಡುತ್ತದೆ. ಇಲ್ಲಿ ಶವರನ್ನೇ ಬದಲಿಸಬೇಕು, ಇಲ್ಲವೇ ಬೂಸ್ಟರ್ ಪಂಪ್ ಹಾಕಬೇಕು. ಅತಿಥಿಗೆ ನಲ್ಲಿ ತಿರುಗಿಸುವ ಪಾಠ ಹೇಳಿ ಪ್ರಯೋಜನವಿಲ್ಲ.

ಸದ್ಯಕ್ಕೆ ಅತಿಥಿಗಳು ಮಾಡಬಹುದಾದದ್ದು ಇಷ್ಟು. ಕೋಣೆ ಸೇರಿದ ಕೂಡಲೇ ಕಾರ್ಡ್ ತೆಗೆದು ಅರ್ಧ ನಿಮಿಷ ನಿಂತು ಯಾವ ಪ್ಲಗ್ ಜೀವಂತ ಉಳಿಯುತ್ತದೆ ನೋಡಿ. ಒಂದೂ ಉಳಿಯದಿದ್ದರೆ ಎರಡನೇ ಕಾರ್ಡ್ ಕೇಳಿ, ಆದರೆ ಹೊರಡುವ ಮುನ್ನ ಎ.ಸಿ.ಯನ್ನು ರಿಮೋಟಿನಿಂದ ನಿಲ್ಲಿಸಿ. ಇನ್ಸುಲಿನ್ ಇದ್ದರೆ ರಿಸೆಪ್ಷನ್‌ನಲ್ಲಿ ಹೇಳಿ, ಸದಾ ಓಡುವ ಫ್ರಿಜ್‌ನಲ್ಲಿ ಇಡಿಸಿ. ಫ್ರೀಜರ್ ಬದಿಗೆ ತಾಗದಿರಲಿ, ಹೆಪ್ಪುಗಟ್ಟಿದರೂ ಅದು ಕೆಡುತ್ತದೆ. ನಿದ್ದೆಯಲ್ಲಿ ಎ.ಸಿ. ನಿಂತರೆ ಸೆನ್ಸರಿಗೆ ಟೇಪ್ ಹಚ್ಚಬೇಡಿ, ಕೋಣೆ ಖಾಲಿಯೆಂದೇ ಅದು ತಿಳಿಯುತ್ತದೆ. ಸೆನ್ಸರ್ ನಿಯಂತ್ರಣ ತಾತ್ಕಾಲಿಕವಾಗಿ ತೆಗೆಯಿರಿ ಎಂದು ಕೇಳಿ. ಬಹುತೇಕ ವ್ಯವಸ್ಥೆಗಳಲ್ಲಿ ಅದಕ್ಕೆ ಅವಕಾಶವಿರುತ್ತದೆ.

ಹೋಟೆಲಿನವರಿಗೆ ಒಂದು ವಿನಂತಿ. ಎಲ್ಲ ಕೋಣೆಗಳಿಗೂ ಒಟ್ಟಿಗೇ ಹಾಕಿಸುವ ಬದಲು ಮೊದಲು ಒಂದು ಕೋಣೆಯಲ್ಲಿ ಹಾಕಿಸಿ, ಗುತ್ತಿಗೆದಾರರ ಬಿಲ್ ಪಾಸು ಮಾಡುವ ಮುನ್ನ ಮ್ಯಾನೇಜರೇ ಅಲ್ಲಿ ಒಂದು ರಾತ್ರಿ ಮಲಗಲಿ. ಜೊತೆಗಿರುವವರು ನಸುಕಿನಲ್ಲಿ ಎದ್ದು ಹೊರಡಲಿ, ಮ್ಯಾನೇಜರ್ ಅಲುಗದೆ ಒಂದು ಗಂಟೆ ಮಲಗಿರಲಿ. ಆಮೇಲೆ ಗಾಜಿನ ಬಾಗಿಲು ಮುಚ್ಚಿ 20 ನಿಮಿಷ ಸ್ನಾನ ಮಾಡಲಿ. ಫ್ರಿಜ್‌ನಲ್ಲಿ ಥರ್ಮಾಮೀಟರ್ ಇಟ್ಟು, ಕಾರ್ಡ್ ತೆಗೆದು ಆರು ಗಂಟೆ ಹೊರಗಿದ್ದು ಬಂದು ನೋಡಲಿ. ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಆ ಒಂದು ಕೋಣೆಯ ಟೈಮರ್, ವೈರಿಂಗುಗಳನ್ನು ಸರಿಪಡಿಸಿದ ಮೇಲೆ ಉಳಿದವಕ್ಕೆ ಕೈ ಹಾಕಲಿ.

– ಕಟ್ಟಡ ವಿದ್ಯುತ್ ಕೆಲಸದಲ್ಲಿರುವ ಓದುಗರು